ಬಾಯಿಪಾಠದಿಂದ ಜಾಲ ನಡೆದೀತೆ?

ಕಂಪ್ಯೂಟರುಗಳ ಜಾಲವನ್ನು ಕಟ್ಟಿ ನಡೆಸುವ ವಿದ್ಯೆಯಲ್ಲಿ ನಮ್ಮ ತರುಣರಿಗೆ ಆಸಕ್ತಿ ಹುಟ್ಟಿರುವುದು ಸಂತೋಷದ ವಿಷಯ. ಪದವಿ ತರಗತಿಯಲ್ಲಿ ಓದುತ್ತಿರುವಾಗಲೇ ಸಿಸ್ಕೋ ಸಂಸ್ಥೆಯ ಸಿ.ಸಿ.ಎನ್.ಎ. ಪರೀಕ್ಷೆಗೆ ಸಿದ್ಧರಾಗುವವರು ಅನೇಕರು. ೧೯೯೮ರಲ್ಲಿ ಆರಂಭವಾದ ಈ ಪರೀಕ್ಷೆ ೨೦೨೦ರ ಫೆಬ್ರವರಿಯಲ್ಲಿ ಹೊಸ ರೂಪವನ್ನು ತಳೆಯಿತು. ರೌಟರ್ ಮತ್ತು ಸ್ವಿಚ್ ಎಂಬ ಎರಡು ಯಂತ್ರಗಳಿಗೆ ತಕ್ಕ ಆಜ್ಞೆಗಳನ್ನು ಕೊಟ್ಟು ಅವನ್ನು ಕೆಲಸಕ್ಕೆ ಅಣಿಗೊಳಿಸುವ ಅಭ್ಯಾಸವೇ ಅದರ ಸಿದ್ಧತೆಯ ಜೀವಾಳ. ಅಭ್ಯಾಸ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಎಂತಹ ಅಭ್ಯಾಸ ಬೇಕು ಎಂಬುದನ್ನು ಮಾತ್ರ ನಾವು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ.

ಈ ಯಂತ್ರಗಳ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಒಂದು ಕಚೇರಿಯ ಅಥವಾ ಕಾಲೇಜಿನ ಕಂಪ್ಯೂಟರುಗಳನ್ನು ಒಟ್ಟುಗೂಡಿಸಿ, ಒಂದರ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವುದು ಸ್ವಿಚ್ಚಿನ ಕೆಲಸ. ಒಂದು ಜಾಲದಿಂದ ಮತ್ತೊಂದು ಜಾಲಕ್ಕೆ ದಾರಿಯನ್ನು ಗೊತ್ತುಮಾಡಿ ಸಂದೇಶವನ್ನು ಸಾಗಿಸುವುದು ರೌಟರಿನ ಕೆಲಸ. ಸ್ವಿಚ್ಚನ್ನು ಊರೊಳಗಿನ ಅಂಚೆಯವನಿಗೂ ರೌಟರನ್ನು ಊರೂರುಗಳ ನಡುವೆ ಟಪಾಲನ್ನು ವಿಂಗಡಿಸುವ ಕಚೇರಿಗೂ ಹೋಲಿಸಬಹುದು.

ಈಗ ಸಾಮಾನ್ಯವಾಗಿ ನಡೆಯುತ್ತಿರುವ ಅಭ್ಯಾಸದ ಬಗೆಯನ್ನು ನೋಡೋಣ. ಮಾರ್ಗದರ್ಶಿ ಪುಸ್ತಕದಲ್ಲಿ ಒಂದು ನಕ್ಷೆಯಿರುತ್ತದೆ. ಅದರ ಕೆಳಗೆ ಆಜ್ಞೆಗಳ ಸಾಲು. ವಿದ್ಯಾರ್ಥಿ ಆ ಆಜ್ಞೆಗಳನ್ನು ಹಾಗೆಯೇ ನಕಲು ಮಾಡುತ್ತಾನೆ. ಕೊನೆಯಲ್ಲಿ ಒಂದು ಕಂಪ್ಯೂಟರಿನ ಕರೆಗೆ ಇನ್ನೊಂದು ಓಗೊಟ್ಟರೆ ಕೆಲಸ ಮುಗಿಯಿತು; ಮುಂದಿನ ನಕ್ಷೆ. ಇನ್ನು ಕೆಲವರು ಹಿಂದಿನ ಪ್ರಶ್ನೆಗಳೆಂದು ಮಾರಾಟವಾಗುವ ಪಟ್ಟಿಗಳನ್ನು ಉರುಹೊಡೆದು ಪರೀಕ್ಷೆಗೆ ಹೋಗುತ್ತಾರೆ. ಇವೆರಡರಲ್ಲಿಯೂ ಕೈಗೆ ಅಥವಾ ನಾಲಗೆಗೆ ಕೆಲಸವಿದೆ, ಬುದ್ಧಿಗೆ ಬಿಡುವು.

ಭೌತವಿಜ್ಞಾನದ ಅಧ್ಯಾಪಕರಿಗೆ ಇದು ಚಿರಪರಿಚಿತವಾದ ರೋಗ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ೯.೮ ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಅಳತೆ ೯.೩ ಎಂದರೆ ಆತ ದಾರದ ಉದ್ದವನ್ನು ಮತ್ತೆ ಅಳೆಯುವುದಿಲ್ಲ, ಅಂಕಿಗಳನ್ನು ತಿದ್ದುತ್ತಾನೆ. ಉತ್ತರವೇನೋ ಸರಿಯಾಗುತ್ತದೆ, ಪ್ರಯೋಗ ಸತ್ತುಹೋಗುತ್ತದೆ. ಆ ೯.೩ರ ಹಿಂದೆ ಏನಿತ್ತೆಂದು ಹುಡುಕಿದ್ದರೆ ಅದೇ ನಿಜವಾದ ಪಾಠವಾಗುತ್ತಿತ್ತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಸರಿಯಾಗಿ ನಡೆಯುತ್ತಿರುವ ಜಾಲವನ್ನು ಬೇಕೆಂದೇ ಕೆಡಿಸಿ ನೋಡದವನು ಕೆಟ್ಟ ಜಾಲವನ್ನು ಸರಿಪಡಿಸಲಾರ. ಜಾಲ ನಡೆಯತೊಡಗಿದ ಗಳಿಗೆಯಲ್ಲಿ ಅಭ್ಯಾಸ ಮುಗಿಯುವುದಿಲ್ಲ. ಆಗಲೇ ಅದು ಆರಂಭವಾಗುತ್ತದೆ. ಒಂದೇ ಒಂದು ಅಂಶವನ್ನು ಬದಲಾಯಿಸಿರಿ. ಆದರೆ ಬದಲಾಯಿಸುವ ಮೊದಲು ಏನಾಗುವುದೆಂದು ಕಾಗದದ ಮೇಲೆ ಬರೆದಿಡಿರಿ. ಆಮೇಲೆ ಆದುದೇನೆಂದು ನೋಡಿರಿ. ಬರೆದುದಕ್ಕೂ ಆದುದಕ್ಕೂ ಇರುವ ಅಂತರವೇ ನೀವು ಆ ದಿನ ಕಲಿಯಬೇಕಾದ ಪಾಠ.

ಒಂದು ಉದಾಹರಣೆಯನ್ನು ವಿವರವಾಗಿ ನೋಡಬಹುದು. ಎರಡು ಸ್ವಿಚ್ಚುಗಳ ನಡುವೆ ಒಂದರ ಬದಲು ಎರಡು ತಂತಿಗಳನ್ನು ಜೋಡಿಸಿ. ಒಂದು ಕಡಿದರೆ ಇನ್ನೊಂದು ಇರಲಿ ಎಂಬುದು ಉದ್ದೇಶ. ಈಗ ಒಂದು ಕಂಪ್ಯೂಟರು ಎಲ್ಲರನ್ನೂ ಉದ್ದೇಶಿಸಿ ಒಂದು ಸಂದೇಶವನ್ನು ಕಳಿಸಿತೆನ್ನಿ. ಮೊದಲ ಸ್ವಿಚ್ಚು ಅದನ್ನು ಎರಡು ತಂತಿಗಳ ಮೇಲೂ ಕಳಿಸುತ್ತದೆ. ಎರಡನೆಯ ಸ್ವಿಚ್ಚು ಒಂದು ತಂತಿಯಿಂದ ಬಂದುದನ್ನು ಇನ್ನೊಂದರ ಮೂಲಕ ಹಿಂದಕ್ಕಟ್ಟುತ್ತದೆ. ಗಾಣದ ಎತ್ತಿನಂತೆ ಆ ಸಂದೇಶ ಸುತ್ತುತ್ತಲೇ ಇರುತ್ತದೆ. ರೌಟರುಗಳ ಮೂಲಕ ಹೋಗುವ ಸಂದೇಶಕ್ಕಾದರೆ ಒಂದು ಆಯುಸ್ಸಿನ ಎಣಿಕೆಯುಂಟು. ಅದು ೨೫೫ಕ್ಕಿಂತ ಹೆಚ್ಚಿರಲಾರದು. ಪ್ರತಿಯೊಂದು ರೌಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದೊಡನೆ ಸಂದೇಶ ಅಳಿಯುತ್ತದೆ. ಸ್ವಿಚ್ಚುಗಳ ಮಟ್ಟದ ಚೌಕಟ್ಟಿಗೆ ಅಂತಹ ಎಣಿಕೆಯಿಲ್ಲ; ಅದಕ್ಕೆ ಸಹಜವಾದ ಸಾವಿಲ್ಲ. ಕ್ಷಣಮಾತ್ರದಲ್ಲಿ ಇಂತಹ ಸಂದೇಶಗಳು ಜಾಲವನ್ನೆಲ್ಲ ತುಂಬಿ ಉಸಿರುಕಟ್ಟಿಸುತ್ತವೆ.

ಇದನ್ನು ತಡೆಯುವ ಉಪಾಯವನ್ನು ೧೯೮೫ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ಕಂಡುಹಿಡಿದರು. ಸ್ಪ್ಯಾನಿಂಗ್ ಟ್ರೀ ಎಂಬುದು ಅದರ ಹೆಸರು. ಸ್ವಿಚ್ಚುಗಳು ತಮ್ಮತಮ್ಮೊಳಗೆ ಸಂದೇಶಗಳನ್ನು ವಿನಿಮಯ ಮಾಡಿಕೊಂಡು, ಸುತ್ತುದಾರಿಯಾಗಬಲ್ಲ ಕೊಂಡಿಯನ್ನು ಮುಚ್ಚಿಡುತ್ತವೆ; ಅಗತ್ಯ ಬಿದ್ದಾಗ ಅದನ್ನು ತೆರೆಯುತ್ತವೆ. ಈಗ ನಿಮ್ಮ ಪ್ರಯೋಗದಲ್ಲಿ ಕೆಲಸ ಮಾಡುತ್ತಿರುವ ತಂತಿಯನ್ನು ಕಿತ್ತುಬಿಡಿ. ಮುಚ್ಚಿದ ತಂತಿ ಒಡನೆಯೇ ತೆರೆಯುವುದೆ? ಇಲ್ಲ. ಮೂಲ ಕ್ರಮದಲ್ಲಿ ಅದು ೧೫ ಸೆಕೆಂಡು ಆಲಿಸಿ, ಮತ್ತೆ ೧೫ ಸೆಕೆಂಡು ಕಲಿತು, ಒಟ್ಟು ೩೦ ಸೆಕೆಂಡಾದ ಮೇಲೆಯೇ ಸಂದೇಶವನ್ನು ಸಾಗಿಸುತ್ತದೆ. ಇದನ್ನು ಗಡಿಯಾರ ಹಿಡಿದು ನೋಡಿದ ವಿದ್ಯಾರ್ಥಿ ಕಾಯುವುದನ್ನು ಕಲಿಯುತ್ತಾನೆ. ನೋಡದವನು ಆ ಅರ್ಧ ನಿಮಿಷದಲ್ಲಿ ಗಾಬರಿಗೊಂಡು ನೆನಪಿಗೆ ಬಂದ ಆಜ್ಞೆಗಳನ್ನೆಲ್ಲ ಕೊಟ್ಟು, ಇಲ್ಲದ ತೊಂದರೆಯನ್ನು ತಂದುಕೊಳ್ಳುತ್ತಾನೆ.

ಇದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ಯಾರೂ ಭಾವಿಸಬಾರದು. ೨೦೦೨ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಸುಮಾರು ನಾಲ್ಕು ದಿನ ಅಸ್ತವ್ಯಸ್ತವಾಯಿತು. ಸ್ವಿಚ್ಚಿಗೆ ಸ್ವಿಚ್ಚು ಸೇರುತ್ತ, ಸ್ಪ್ಯಾನಿಂಗ್ ಟ್ರೀ ನಿಭಾಯಿಸಬಲ್ಲ ಮಿತಿಯನ್ನು ಮೀರಿ ಆ ಜಾಲ ಬೆಳೆದಿತ್ತು. ವೈದ್ಯರೂ ದಾದಿಯರೂ ಮತ್ತೆ ಕಾಗದ ಲೇಖನಿಗಳನ್ನು ಹಿಡಿಯಬೇಕಾಯಿತು. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಾಧಿಕಾರಿ ಜಾನ್ ಹಾಲಮ್ಕ ಅವರು ನಡೆದುದನ್ನು ಮುಚ್ಚಿಡದೆ ಇತರರಿಗೆ ಪಾಠವಾಗಲೆಂದು ಬಹಿರಂಗವಾಗಿ ವಿವರಿಸಿದರು. ರೋಗಿಯ ರಕ್ತಪರೀಕ್ಷೆಯ ವರದಿ ಜಾಲದ ಮೇಲೆಯೇ ಬರುವ ಈ ಕಾಲದಲ್ಲಿ, ಜಾಲವನ್ನು ನೋಡಿಕೊಳ್ಳುವವನ ಅರಿವು ಅವನೊಬ್ಬನ ಸ್ವಂತ ವಿಷಯವಾಗಿ ಉಳಿದಿಲ್ಲ.

ಎಲ್ಲ ಪ್ರಯೋಗಗಳೂ ಇಷ್ಟು ದೊಡ್ಡವಾಗಿರಬೇಕಿಲ್ಲ. ಒಂದು ಕಂಪ್ಯೂಟರನ್ನು ಬೇರೆ ವಿ.ಎಲ್.ಎ.ಎನ್.ಗೆ, ಎಂದರೆ ಅದೇ ಸ್ವಿಚ್ಚಿನೊಳಗಿನ ಬೇರೆ ಬಣಕ್ಕೆ, ಸೇರಿಸಿ ನೋಡಿರಿ. ಸ್ವಿಚ್ಚಿನ ಹಸುರು ದೀಪ ಉರಿಯುತ್ತಲೇ ಇರುತ್ತದೆ, ಸಂಪರ್ಕವಿರುವುದಿಲ್ಲ. ಆ ದೀಪ ತಂತಿಗೆ ಮಾತ್ರ ಸಾಕ್ಷಿ ಎಂಬುದು ಆಗ ಮನದಟ್ಟಾಗುತ್ತದೆ. ಓ.ಎಸ್.ಪಿ.ಎಫ್. ಎಂಬ ಏರ್ಪಾಡಿನಲ್ಲಿ ನೆರೆಯ ರೌಟರುಗಳು ಸಾಮಾನ್ಯವಾಗಿ ೧೦ ಸೆಕೆಂಡಿಗೊಮ್ಮೆ ಒಂದನ್ನೊಂದು ಕುಶಲ ವಿಚಾರಿಸುತ್ತವೆ; ೪೦ ಸೆಕೆಂಡು ಸುದ್ದಿ ಬಾರದಿದ್ದರೆ ನೆರೆಯವನು ಇಲ್ಲವೆಂದು ತೀರ್ಮಾನಿಸುತ್ತವೆ. ಒಂದರಲ್ಲಿ ಮಾತ್ರ ಆ ಅವಧಿಯನ್ನು ಬದಲಾಯಿಸಿದರೆ ಏನಾದೀತು, ಎಷ್ಟು ಹೊತ್ತಿನ ಮೇಲೆ? ಉತ್ತರವನ್ನು ಇಲ್ಲಿ ಹೇಳುವುದಿಲ್ಲ, ಬರೆದಿಟ್ಟು ಪರೀಕ್ಷಿಸಿರಿ.

ಯಂತ್ರಗಳನ್ನು ಕೊಳ್ಳಲು ಹಣವೆಲ್ಲಿ ಎಂದು ಕೇಳುವವರುಂಟು. ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಉಚಿತವಾಗಿ ದೊರೆಯುತ್ತದೆ. ಮೇಲೆ ಹೇಳಿದ ಪ್ರಯೋಗಗಳನ್ನೆಲ್ಲ ಅದರಲ್ಲಿಯೇ ಮಾಡಬಹುದು. ಸಡಿಲವಾದ ತಂತಿ, ಧೂಳು, ಸೆಕೆ ಇವುಗಳ ಅನುಭವವನ್ನು ಅದು ಕೊಡದೆಂಬುದು ನಿಜ. ಅದಕ್ಕಾಗಿ ನಮ್ಮ ಕಾಲೇಜುಗಳು ಹಳತಾಯಿತೆಂದು ಮೂಲೆಗೆ ಹಾಕಿದ ಸ್ವಿಚ್ಚುಗಳಲ್ಲಿ ಎರಡು ಮೂರನ್ನು ಗುಜರಿಗೆ ಹಾಕದೆ ಪ್ರಯೋಗಶಾಲೆಗೆ ಕೊಡಲಿ. ನಡೆಯುತ್ತಿರುವ ಜಾಲದ ಮೇಲೆ ಮಾತ್ರ ಇಂತಹ ಪ್ರಯೋಗಗಳನ್ನು ಎಂದಿಗೂ ಮಾಡತಕ್ಕದ್ದಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿಗೆ ಅಂಜಿ ಬಾಯಿಪಾಠಕ್ಕೆ ಶರಣಾಗುವುದನ್ನು ಕಂಡಿದ್ದೇನೆ. ಅಂಜಿಕೆಗೆ ಕಾರಣವಿಲ್ಲ. ಆಜ್ಞೆಗಳಲ್ಲಿ ಬರುವ ಇಂಗ್ಲಿಷ್ ಪದಗಳು ಕೆಲವೇ. ದಿನವೂ ಬಳಸಿದರೆ ಅವು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಏಕೆ ಕೆಟ್ಟಿತು ಎಂದು ಯೋಚಿಸುವುದಕ್ಕೆ ಕನ್ನಡವೇ ಸಾಕು. ಭವಿಷ್ಯವಾಣಿಯನ್ನೂ ಫಲವನ್ನೂ ಕನ್ನಡದಲ್ಲಿಯೇ ಬರೆದಿಡಿರಿ.

ಇದಕ್ಕೆಲ್ಲ ಹೆಚ್ಚು ಕಾಲ ಹಿಡಿಯುವುದು ನಿಜ. ಇಪ್ಪತ್ತು ನಕ್ಷೆಗಳನ್ನು ನಕಲು ಮಾಡುವ ವೇಳೆಯಲ್ಲಿ ಐದನ್ನು ಮಾತ್ರ ಹೀಗೆ ನೋಡಲು ಸಾಧ್ಯವಾದೀತು. ಆದರೆ ಆ ಐದು ನಿಮ್ಮ ಸ್ವಂತವಾಗುತ್ತವೆ. ಕೆಲಸಕ್ಕೆ ಸೇರಿದ ಮೇಲೆ ಒಂದು ರಾತ್ರಿ ಜಾಲ ನಿಂತಾಗ ಎದುರಾಗುವ ಪ್ರಶ್ನೆ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.