ಬಂದೂಕಿಗೆ ಲೇಸರ್ ಹಾಕಿಸ್ಬಹುದಾ? ಲೈಸೆನ್ಸ್ ಇರೋರು, ವೆಲ್ಡಿಂಗ್ ಅಂಗಡಿಯೋರು ಇಬ್ಬರೂ ತಿಳ್ಕೊಬೇಕಾದ ವಿಷಯ

ಆವನಿ (ಮುಳಬಾಗಿಲು ತಾ.): ಬೆಟ್ಟದ ಸುತ್ತಮುತ್ತಲ ಹೊಲಗಳಲ್ಲಿ ಟೊಮೆಟೊ, ಕಡಲೆಕಾಯಿ, ರಾಗಿ ಬೆಳೆದವರಿಗೆ ರಾತ್ರಿ ಕಾವಲು ಹೊಸದೇನಲ್ಲ. ಒಂದು ರಾತ್ರಿ ಕಾಡುಹಂದಿ ಹಿಂಡು ನುಗ್ಗಿದ್ರೆ ಮೂರು ತಿಂಗಳ ದುಡಿಮೆ ಬೆಳಗಾಗೋದ್ರೊಳಗೆ ಮಣ್ಣು. ಹೀಗಾಗಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದು ಬಂದೂಕು ಇಟ್ಟುಕೊಂಡ ಮನೆಗಳು ನಮ್ಮ ಕಡೆ ಈಗಲೂ ಇವೆ. ಅಂಥ ಮನೆಗಳ ಹುಡುಗರ ಮೊಬೈಲ್‌ಗೆ ಈಗ ಲೇಸರ್ ಸೈಟ್‌ನ ವಿಡಿಯೊಗಳು ಬರುತ್ತಿವೆ. ನಳಿಗೆ ಮೇಲೆ ಪುಟ್ಟ ಟಾರ್ಚ್ ತರಹದ ಸಾಧನ, ಸ್ವಿಚ್ ಒತ್ತಿದ್ರೆ ದೂರದಲ್ಲಿ ಕೆಂಪು ಇಲ್ಲವೇ ಹಸಿರು ಚುಕ್ಕೆ. ಚುಕ್ಕೆ ಬಿದ್ದ ಕಡೆ ಗುಂಡು ಅಂತ ವಿಡಿಯೊದವರು ಹೇಳ್ತಾರೆ. ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿದ್ರೆ ಕೊರಿಯರ್‌ನಲ್ಲಿ ಮನೆಗೇ ಬರುತ್ತೆ.

ಅಂಗಡಿಯಲ್ಲಿ ಮಾರುವ ಸಾಮಾನು ತಾನೇ, ಹಾಕಿಸಿಕೊಂಡ್ರೆ ತಪ್ಪೇನು ಅನ್ನೋದು ಸಹಜ ಪ್ರಶ್ನೆ. ಉತ್ತರ ಮಾತ್ರ ಹೌದು, ಇಲ್ಲ ಅನ್ನೋ ಒಂದೇ ಮಾತಿನಲ್ಲಿ ಮುಗಿಯೋದಿಲ್ಲ.

ಕಾಯಿದೆಯಲ್ಲಿ ಲೇಸರ್ ಹೆಸರಿಲ್ಲ, ಹಾಗಂತ?

ದೇಶದಲ್ಲಿ ಬಂದೂಕಿಗೆ ಸಂಬಂಧಿಸಿದ ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯಿದೆ. ಅದರ ಕೆಳಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಇವೆ. 'ಬಂದೂಕು' ಅಂದ್ರೆ ಏನು ಅನ್ನೋದನ್ನ ಕಾಯಿದೆಯ 2ನೇ ಸೆಕ್ಷನ್ ವಿವರಿಸುತ್ತೆ. ಗುಂಡು ಹಾರಿಸುವ ಆಯುಧ ಮಾತ್ರ ಅಲ್ಲ, ಅದರ ಬಿಡಿಭಾಗಗಳೂ ಬಂದೂಕೇ. ಶಬ್ದ ಅಥವಾ ಬೆಂಕಿಯ ಹೊಳಪು ಕಮ್ಮಿ ಮಾಡುವ ಸಾಧನವೂ, ಅಂದ್ರೆ ಸೈಲೆನ್ಸರ್ ಕೂಡ, ಕಾನೂನಿನ ಕಣ್ಣಲ್ಲಿ ಬಂದೂಕೇ. ಸೈಲೆನ್ಸರ್ ಒಂದನ್ನೇ ಜೇಬಲ್ಲಿ ಇಟ್ಟುಕೊಂಡಿದ್ರೂ ಕೇಸು ಆಗುವುದು ಇದಕ್ಕೇ.

ಈ ವ್ಯಾಖ್ಯೆಯಲ್ಲಿ ಲೇಸರ್ ಸೈಟ್‌ನ ಹೆಸರು ಹೇಳಿಲ್ಲ. ಕಾಯಿದೆ ಬರೆದದ್ದು 1959ರಲ್ಲಿ, ಜಗತ್ತಿನ ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಹೆಸರು ಇರೋಕೆ ಸಾಧ್ಯವೂ ಇರಲಿಲ್ಲ. 2019ರಲ್ಲಿ ಕಾಯಿದೆಗೆ ದೊಡ್ಡ ತಿದ್ದುಪಡಿ ಬಂದಾಗಲೂ ಈ ವ್ಯಾಖ್ಯೆಗೆ ಲೇಸರ್ ಸೇರಲಿಲ್ಲ.

'ನಿಷೇಧ ಅಂತ ಬರೆದಿಲ್ಲ, ಆದ್ದರಿಂದ ತೊಂದರೆ ಇಲ್ಲ' ಅನ್ನೋ ವಾಟ್ಸ್ಆ್ಯಪ್ ವಾದ ಹುಟ್ಟಿದ್ದು ಇಲ್ಲಿಂದ. ಆದರೆ ಚುಕ್ಕೆ ಬಿಡುವ ಡಬ್ಬಿ ಯಾವ ಬಂದೂಕಿನ ಮೇಲೆ ಕೂರುತ್ತೆ, ಯಾರು ಕೂರಿಸ್ತಾರೆ, ಯಾವುದಕ್ಕೆ ಬಳಸ್ತಾರೆ ಅನ್ನೋ ಮೂರು ಪ್ರಶ್ನೆಗೂ ಕಾನೂನಿನಲ್ಲಿ ಉತ್ತರ ಇದೆ. ಜನ ಸಿಕ್ಕಿಹಾಕಿಕೊಳ್ಳೋದು ಅಲ್ಲಿ.

ಕೂರಿಸುವ ಕೆಲಸವೇ ಅಪಾಯ

ಲೇಸರ್‌ಗಳಲ್ಲಿ ಎರಡು ಬಗೆ. ಕ್ಲಿಪ್ ಹಾಕಿ ಸ್ಕ್ರೂ ಬಿಗಿಯುವಂಥದ್ದು ಒಂದು, ಬೇಕೆಂದಾಗ ತೆಗೆಯಬಹುದು. ಇನ್ನೊಂದಕ್ಕೆ ಬಂದೂಕಿನ ಮೇಲೆ ಕಬ್ಬಿಣದ ಪಟ್ಟಿ ಬೇಕು. ಹಳೆಯ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕುಗಳಲ್ಲಿ ಅಂಥ ಪಟ್ಟಿ ಇರಲ್ಲ. ಆಗ ಊರವರಿಗೆ ನೆನಪಾಗೋದು ವೆಲ್ಡಿಂಗ್ ಅಂಗಡಿ, ಇಲ್ಲವೇ ಲೇತ್ ಮಿಷನ್ ಅಂಗಡಿ.

ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸೋದು, ಮಾರೋದು ಮಾತ್ರ ಅಲ್ಲ, ರಿಪೇರಿ ಮಾಡೋದಕ್ಕೂ, ಮಾರ್ಪಡಿಸೋದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಅದು ಬಂದೂಕು ಡೀಲರ್‌ಗಳಿಗೆ ಇರುವ ಲೈಸೆನ್ಸ್. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ಮಾಡುವ ಅಂಗಡಿಗೆ ಅದು ಇರಲ್ಲ. 'ಎರಡು ತೂತು ಹೊಡೆದು ಕೊಡಪ್ಪಾ' ಅಂತ ಪರಿಚಯದವರು ಬಂದೂಕು ತಂದಿಟ್ಟಾಗ ಮೆಕ್ಯಾನಿಕ್ ಡ್ರಿಲ್ ಹಿಡಿದರೆ, ಅದು ಲೈಸೆನ್ಸ್ ಇಲ್ಲದೆ ಬಂದೂಕಿನ ಕೆಲಸ ಮಾಡಿದ ಆರೋಪಕ್ಕೆ ದಾರಿ. 25ನೇ ಸೆಕ್ಷನ್ನಿನಲ್ಲಿ 5ನೇ ಸೆಕ್ಷನ್ ಉಲ್ಲಂಘನೆಗೆ 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇದೆ. ನೂರಿನ್ನೂರು ರೂಪಾಯಿ ಕೂಲಿಗೆ ಇಷ್ಟು ದೊಡ್ಡ ಅಪಾಯ ಯಾವ ಅಂಗಡಿಯವನೂ ತಲೆ ಮೇಲೆ ಎಳೆದುಕೊಳ್ಳಬಾರದು.

ಬಂದೂಕು ಕೊಟ್ಟವನಿಗೂ ಪಾರಿಲ್ಲ. ಲೈಸೆನ್ಸ್ ಇಲ್ಲದವರ ಕೈಗೆ ಬಂದೂಕು ಕೊಟ್ಟು ಬರೋದೇ ಬೇರೆ ತಪ್ಪು. ನಳಿಗೆ ಉದ್ದ ಆಯ್ತು, ಲೇಸರ್ ಸರಿಯಾಗಿ ಕೂರಲ್ಲ ಅಂತ ಸ್ವಲ್ಪ ಕತ್ತರಿಸಿದರೆ ಅದು 6ನೇ ಸೆಕ್ಷನ್ನಿಗೆ ನೇರ ವಿರುದ್ಧ. ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವಂತಿಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ, ಶಿಕ್ಷೆಯೂ ಮೇಲೆ ಹೇಳಿದಷ್ಟೇ.

ಯಾವ ಬಂದೂಕು, ಯಾವ ಕಾರಣಕ್ಕೆ

ಬೆಳೆ ರಕ್ಷಣೆ ಲೈಸೆನ್ಸ್ ವಿಷಯಕ್ಕೆ ಬಂದರೆ, ಕಾಯಿದೆಯ 13ನೇ ಸೆಕ್ಷನ್ ಮೊದಲು ಹೇಳೋದು ಮುಂದಿನಿಂದ ಮದ್ದು ತುಂಬುವ ಹಳೇ ಮಾದರಿ ಬಂದೂಕನ್ನ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ಬೇರೆ ನಯ ನಳಿಗೆ ಬಂದೂಕು ಕೊಡಬಹುದು. ಕೋಲಾರ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಪೊಲೀಸ್ ವರದಿ ಬಂದ ನಂತರವೇ ತೀರ್ಮಾನ. ಲೈಸೆನ್ಸ್‌ನಲ್ಲಿ ಬಂದೂಕಿನ ವಿವರ, ಕಾರಣ, ಅದು ಯಾವ ಪ್ರದೇಶದಲ್ಲಿ ಊರ್ಜಿತ ಅನ್ನೋದು ಎಲ್ಲಾ ಇರುತ್ತೆ.

ಷರತ್ತು ಮೀರಿದರೆ ಎರಡು ಬಗೆಯ ಪೆಟ್ಟು. 30ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಚಿಕ್ಕದು ಅನ್ನಿಸಬಹುದು. ಆದರೆ 17ನೇ ಸೆಕ್ಷನ್ ಕೆಳಗೆ ಲೈಸೆನ್ಸ್ ಅಮಾನತು ಇಲ್ಲವೇ ರದ್ದು ಮಾಡುವ ಅಧಿಕಾರ ಇದೆ. ಬಂದೂಕು ಹಿಡಿದು ಬ್ಯಾಂಕ್, ಎಟಿಎಂ ಕಾವಲು ಕೆಲಸ ಮಾಡುವ ಮಾಜಿ ಸೈನಿಕರಿಗೆ ಲೈಸೆನ್ಸ್ ಹೋದರೆ ನೌಕರಿಯೂ ಹೋಯ್ತು.

ಗಡಿ ವಿಷಯ ನಮ್ಮ ತಾಲ್ಲೂಕಿಗೆ ಇನ್ನೂ ಮುಖ್ಯ. ನಂಗಲಿ ದಾಟಿದರೆ ಆಂಧ್ರ. ಪಲಮನೇರು ಕಡೆ ನೆಂಟರ ಮದುವೆಗೆ ಹೋಗುವಾಗ ಬಂದೂಕು ಕಾರಲ್ಲಿ ಇಟ್ಟುಕೊಂಡು ಹೋದರೆ, ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದಲ್ಲಿ ಆ ಕಡೆ ಅದಕ್ಕೆ ಬೆಲೆ ಇಲ್ಲ. ಮದುವೆ ಮನೆಯಲ್ಲಿ ಖುಷಿಗೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಅಂತ 2019ರಲ್ಲೇ ಕಾಯಿದೆಗೆ ಸೇರಿಸಿದ್ದಾರೆ. ದೇವಸ್ಥಾನ, ಸಭೆ, ಸಮಾರಂಭಕ್ಕೂ ಅದೇ ಮಾತು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ ಇಷ್ಟೆಲ್ಲಾ ಅನ್ನೋ ಮಾತು ಆಗಾಗ ಬರುತ್ತೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ 41ನೇ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ ಅದು. 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಿತು. ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ವಿನಾಯಿತಿ ಇರೋದು ಅವರಿಗೆ ಮಾತ್ರ, ಕೋಲಾರದವರಿಗೆ ಅದು ಅನ್ವಯಿಸಲ್ಲ.

ಹಂದಿ ಮೇಲೆ ಚುಕ್ಕೆ ಬಿದ್ದ ಮೇಲೆ

ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಹಂದಿ ಹೊಡೆಯೋಕೆ ಅನುಮತಿ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಇದೇ ದೊಡ್ಡ ತಪ್ಪು ತಿಳಿವಳಿಕೆ. ಬಂದೂಕು ಇಟ್ಟುಕೊಳ್ಳೋಕೆ ಅನುಮತಿ ಕೊಡೋದು ಶಸ್ತ್ರಾಸ್ತ್ರ ಕಾಯಿದೆ. ಪ್ರಾಣಿ ಮೇಲೆ ಗುಂಡು ಹಾರಿಸೋದನ್ನ ನೋಡಿಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರ 9ನೇ ಸೆಕ್ಷನ್ ಬೇಟೆಯನ್ನ ನಿಷೇಧಿಸಿದೆ. 2022ರ ತಿದ್ದುಪಡಿ ನಂತರದ ಪಟ್ಟಿಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನವಿಲು, ಚಿರತೆ ಮೊದಲನೆಯದರಲ್ಲಿವೆ. ಮೊಲ ಹೊಡೆದರೂ ಅದು ಬೇಟೆಯೇ.

ಬೇಟೆಗೆ ಮಾಡುವ ಪ್ರಯತ್ನವೂ ಕಾನೂನಿನಲ್ಲಿ ಬೇಟೆಯೇ, ಗುಂಡು ತಗಲಲೇಬೇಕು ಅಂತಿಲ್ಲ. ಶಿಕ್ಷೆ ಸಾಮಾನ್ಯವಾಗಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಅಪರಾಧಕ್ಕೆ ಬಳಸಿ ಜಪ್ತಿಯಾದ ಆಯುಧ, ಗಾಡಿ ಸರ್ಕಾರದ ಸ್ವತ್ತಾಗುತ್ತೆ. ರಾತ್ರಿ ಹೊತ್ತು, ಕೈಯಲ್ಲಿ ಲೇಸರ್ ಹಾಕಿದ ಬಂದೂಕು, ಪಕ್ಕದಲ್ಲಿ ಬೈಕು. ಇದನ್ನ ನೋಡಿದ ಅರಣ್ಯ ಇಲಾಖೆಯವರು ಕಾವಲಿಗೆ ಬಂದವನು ಅಂತ ನಂಬಬೇಕಾ, ಬೇಟೆಗೆ ಬಂದವನು ಅಂತ ಅನುಮಾನಿಸಬೇಕಾ? ಲೇಸರ್ ಹಾಕಿಸಿದವನು ತಾನೇ ತನ್ನ ವಿರುದ್ಧ ಒಂದು ಸಾಕ್ಷಿ ಒದಗಿಸಿದಂತೆ.

ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳೋಕೆ ಹೊಡೆದರೆ 11ನೇ ಸೆಕ್ಷನ್ ರಕ್ಷಣೆ ಕೊಡುತ್ತೆ. ಆದರೆ ಆ ಹೊತ್ತಿಗೆ ಆತ ಕಾಯಿದೆ ಮೀರುವ ಕೆಲಸದಲ್ಲಿ ತೊಡಗಿದ್ದರೆ ಆ ರಕ್ಷಣೆ ಸಿಗಲ್ಲ. ಬೆಳೆ ಹಾಳು ಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನ ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ಕೊಡುವುದಕ್ಕೂ ಅದೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಪಕ್ಕದ ಕೇರಳ 2022ರಲ್ಲಿ ಕಾಡುಹಂದಿ ವಿಷಯದಲ್ಲಿ ಈ ಅಧಿಕಾರವನ್ನ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ಅಲ್ಲೂ ಯಾರು ಬೇಕಾದರೂ ಹೊಡೆಯಬಹುದು ಅಂತ ಆಗಲಿಲ್ಲ.

ಚುಕ್ಕೆ ಸುಳ್ಳು ಹೇಳುತ್ತೆ

ಕಾನೂನು ಪಕ್ಕಕ್ಕಿಟ್ಟರೂ ಲೆಕ್ಕ ಕೂಡಿಬರಲ್ಲ. ಲೇಸರ್ ಕೂರೋದು ನಳಿಗೆಯ ಪಕ್ಕ ಅಥವಾ ಮೇಲೆ. ಬೆಳಕು ನೇರ ಹೋಗುತ್ತೆ, ಗುಂಡು ದೂರ ಹೋದಂತೆ ಕೆಳಗಿಳಿಯುತ್ತೆ. ಎರಡೂ ಒಂದೇ ಕಡೆ ಸೇರೋದು ಹೊಂದಿಸಿಟ್ಟ ದೂರದಲ್ಲಿ ಮಾತ್ರ. ನಯ ನಳಿಗೆ ಬಂದೂಕಿನ ಚಿಲ್ಲುಗಳು ಚದುರಿ ಹೋಗುವುದರಿಂದ ಒಂದು ಚುಕ್ಕೆಗೆ ಅಲ್ಲಿ ಹೆಚ್ಚಿನ ಅರ್ಥವೇ ಇಲ್ಲ. ಒಂದೆರಡು ಏಟಿನ ಒದೆತಕ್ಕೆ ಅಗ್ಗದ ಲೇಸರ್ ಜಾಗ ಬಿಟ್ಟು ಸರಿಯುತ್ತೆ.

ಅದಕ್ಕಿಂತ ದೊಡ್ಡ ವಿಷಯ, ಪೊದೆಯ ಹಿಂದೆ ಏನಿದೆ ಅಂತ ಚುಕ್ಕೆ ಹೇಳಲ್ಲ. ರಾತ್ರಿ ಕರೆಂಟ್ ಬಂದಾಗ ನೀರು ಬಿಡಲು ಪಂಪ್‌ಸೆಟ್ ಮನೆ ಹತ್ತಿರ ರೈತ ಇರ್ತಾನೆ, ಪಕ್ಕದ ತೋಟದಲ್ಲಿ ಕಾವಲಿನವರು ಮಲಗಿರ್ತಾರೆ. ಹಂದಿ ಅಂದುಕೊಂಡು ಮನುಷ್ಯರಿಗೇ ಹೊಡೆದ ಸುದ್ದಿಗಳು ಮಲೆನಾಡು, ಕೊಡಗಿನ ಕಡೆಯಿಂದ ಆಗಾಗ ಬರ್ತಾನೇ ಇವೆ. ಅಜಾಗರೂಕತೆಯಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಶಿಕ್ಷೆ. 'ಲೇಸರ್ ಅಲ್ಲೇ ತೋರಿಸ್ತು ಸಾರ್' ಅನ್ನೋದು ಕೋರ್ಟಿನಲ್ಲಿ ಉತ್ತರ ಆಗಲ್ಲ.

ಏರ್‌ಗನ್, ಆಟದ ಬಂದೂಕು ಮಾರುವವರಿಗೆ

0.177 ಇಂಚು, ಅಂದ್ರೆ 4.5 ಮಿ.ಮೀ. ರಂಧ್ರ ಮೀರದ, 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಇದಕ್ಕೆ ಲೇಸರ್ ಹಾಕಿ ಮಾರೋದನ್ನ ಆನ್‌ಲೈನ್‌ನಲ್ಲಿ ಕಾಣಬಹುದು. ಆದರೆ ಅದರಿಂದ ಕೌಜುಗ, ಪಾರಿವಾಳ, ನವಿಲು ಹೊಡೆಯೋಕೆ ಹೋದರೆ ವನ್ಯಜೀವಿ ಕಾಯಿದೆ ಏರ್‌ಗನ್ ಅಂತ ರಿಯಾಯಿತಿ ಕೊಡಲ್ಲ. ರಂಧ್ರ ದೊಡ್ಡದಿದ್ದರೆ ಅಥವಾ ಶಕ್ತಿ ಹೆಚ್ಚಿದ್ದರೆ ಲೈಸೆನ್ಸ್ ಬೇಕೇ ಬೇಕು. ಸ್ಪ್ರಿಂಗ್ ಬದಲಿಸಿ ಶಕ್ತಿ ಏರಿಸಿಕೊಂಡವನೂ ಆ ಮಿತಿ ದಾಟಿದರೆ ಅದೇ ಸಾಲಿಗೆ ಬರ್ತಾನೆ.

ಶಿವರಾತ್ರಿ ಸಮಯದ ಆವನಿ ಜಾತ್ರೆಗೆ ಅಂಗಡಿ ಹಾಕುವವರು ಇನ್ನೊಂದು ನೆನಪಿಡಬೇಕು. 14 ವರ್ಷದೊಳಗಿನ ಮಕ್ಕಳ ಆಟದ ಸಾಮಾನಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ ಲೇಸರ್ ಗನ್ ತಂದು ಮಾರಿದರೆ ಸರಕು ಹೋಗುತ್ತೆ. ತೀಕ್ಷ್ಣ ಲೇಸರ್ ನೇರ ಕಣ್ಣಿಗೆ ಬಿದ್ದರೆ ಮಗುವಿನ ದೃಷ್ಟಿಗೂ ಅಪಾಯ.

ಹಾಗಾದರೆ ಮಾಡೋದೇನು?

ಅಮೆರಿಕದ ವಿಡಿಯೊ ನೋಡಿ ಇಲ್ಲಿ ಲೆಕ್ಕ ಹಾಕೋದು ಬೇಡ. ಅಲ್ಲಿ ಬಂದೂಕು ಕಾನೂನೇ ಬೇರೆ, ಅಲ್ಲೂ ಬೇಟೆಯಲ್ಲಿ ಲೇಸರ್ ಬಳಸೋದಕ್ಕೆ ಹಲವು ರಾಜ್ಯಗಳು ನಿರ್ಬಂಧ ಹಾಕಿವೆ. ನಮ್ಮಲ್ಲಿ ಲೈಸೆನ್ಸ್ ಇರುವವರಿಗೆ ಸುರಕ್ಷಿತ ದಾರಿ ಇಷ್ಟು. ಬಂದೂಕಿಗೆ ಏನೇ ಜೋಡಿಸುವ ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಲೈಸೆನ್ಸ್ ಶಾಖೆಗೆ ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನ ಲೈಸೆನ್ಸ್ ಜೊತೆ ಇಟ್ಟುಕೊಳ್ಳುವುದು. ಬಂದೂಕಿನ ಕೆಲಸ ಏನಿದ್ದರೂ ಲೈಸೆನ್ಸ್ ಪಡೆದ ಡೀಲರ್ ಹತ್ತಿರ ಮಾತ್ರ, ರಸೀದಿ ಸಮೇತ ಮಾಡಿಸುವುದು. ಲೈಸೆನ್ಸ್ ರದ್ದಾದರೆ 18ನೇ ಸೆಕ್ಷನ್ ಅಡಿ ಮೇಲ್ಮನವಿ ಹಾಕಬಹುದು, ಆದರೆ ಅದಕ್ಕೆ ದಿನಗಳ ಗಡುವಿದೆ, ಸುಮ್ಮನೆ ಕೂರಬಾರದು.

ರೈತರ ಕಡೆಯ ಪ್ರಶ್ನೆ ಮಾತ್ರ ಇದರಿಂದ ತೀರಲ್ಲ. ವಡ್ಡಹಳ್ಳಿ ಮಾರುಕಟ್ಟೆಗೆ ಹೋಗಬೇಕಾದ ಟೊಮೆಟೊ ಹೊಲದಲ್ಲೇ ಹಂದಿ ಪಾಲಾದರೆ ಬಂದೂಕಿನ ಮೇಲೆ ಕೈ ಹೋಗೋದು ಸಹಜ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ, ಹಾನಿಯಾದ ಕೂಡಲೇ ಫೋಟೊ, ಪಹಣಿ ಇಟ್ಟು ಅರ್ಜಿ ಹಾಕಬೇಕು. ಆ ಅರ್ಜಿಗಳು ಬೇಗ ತೀರ್ಮಾನವಾದರೆ, ಸೌರ ಬೇಲಿಗೆ ನೆರವು ಸಣ್ಣ ರೈತನವರೆಗೂ ಬಂದರೆ, ರಾತ್ರಿ ಬಂದೂಕು ಹಿಡಿದು ಕೂರುವವರೇ ಕಮ್ಮಿ ಆಗ್ತಾರೆ. ಲೇಸರ್ ಬಗ್ಗೆ ಕಾಯಿದೆಯ ವ್ಯಾಖ್ಯೆಯಲ್ಲೇ ಒಂದು ಸ್ಪಷ್ಟ ಸಾಲು ಬರೆಯುವ ಕೆಲಸ ಕೇಂದ್ರದ್ದು. ಅರ್ಜಿ ವಿಲೇವಾರಿ ಮತ್ತು ಬೇಲಿ ವಿಷಯವನ್ನ ಗ್ರಾಮ ಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸುವ ಕೆಲಸ ಊರವರದ್ದು.