ವಿಮಾ ಏಜೆಂಟರ ಮೊದಲ ಪರೀಕ್ಷೆ

ನಮ್ಮ ವಾಚಕರ ಮನೆಗಳಲ್ಲಿ ವಿಮಾ ಏಜೆಂಟರಾಗಬೇಕೆಂದು ಹೊರಟ ತರುಣರೂ ಗೃಹಿಣಿಯರೂ ಕೆಲವರಾದರೂ ಇರಬಹುದು. ಅದಕ್ಕೆ 18 ವರ್ಷ ತುಂಬಿರಬೇಕು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ತರಬೇತಿ ಪಡೆದು ಪರೀಕ್ಷೆಯಲ್ಲಿ ಗೆಲ್ಲಬೇಕು. ಇವು ಅಷ್ಟೇನೂ ಕಷ್ಟವಲ್ಲ. ನಿಜವಾದ ಪರೀಕ್ಷೆಯು ಅನಂತರ ಬರುವುದು.

ಹೊಸಬನು ಮೊದಲು ಹೋಗುವುದು ನೆಂಟರಿಷ್ಟರ ಮನೆಗೇ. ಅಲ್ಲಿ ಭಾವನವರು ಕಮಿಷನ್ನಿನಲ್ಲಿ ತಮಗೂ ಒಂದು ಪಾಲು ಕೇಳುವರು. ಅದನ್ನು 1938ರ ವಿಮಾ ಕಾಯಿದೆಯ 41ನೆಯ ವಿಧಿಯು ನಿಷೇಧಿಸಿದೆ. ಬಳಿಕ, "ಸಕ್ಕರೆ ಕಾಯಿಲೆಯ ಮಾತನ್ನು ಅರ್ಜಿಯಲ್ಲಿ ಬರೆಯಬೇಡವಪ್ಪ, ಕಂತು ಹೆಚ್ಚೀತು" ಎನ್ನುವರು. ದಾಕ್ಷಿಣ್ಯವೂ ಆಸೆಯೂ ಕೂಡಿ ಲೇಖನಿಯನ್ನು ತಡೆಯುವುವು. ಆದರೆ ಅದೇ ಕಾಯಿದೆಯ 45ನೆಯ ವಿಧಿಯಂತೆ, ಮೊದಲ 3 ವರ್ಷಗಳೊಳಗೆ ಇಂತಹ ಮರೆಮಾಚಿಕೆ ಬಯಲಾದರೆ ಕಂಪನಿಯು ಪಾಲಿಸಿಯನ್ನೇ ಪ್ರಶ್ನಿಸಬಹುದು. ಭಾವನವರು ಅಷ್ಟರಲ್ಲಿ ಕಣ್ಮುಚ್ಚಿದರೆ, ವಿಮೆಯ ಹಣ ಕಾಣದೆ ಕಂಗೆಡುವವರು ಅಕ್ಕನೂ ಮಕ್ಕಳೂ.

ಆದಕಾರಣ ಹೊಸ ಏಜೆಂಟರಿಗೆ ನಾವು ಹೇಳುವುದಿಷ್ಟೆ: ಅರ್ಜಿಯನ್ನು ಅಕ್ಕನ ಮುಂದೆಯೇ ಓದಿ ಹೇಳಿರಿ, ಇದ್ದುದನ್ನು ಇದ್ದಂತೆ ಬರೆಯಿರಿ. ಒಂದು ಪಾಲಿಸಿ ಕೈತಪ್ಪಿದರೆ ಇನ್ನೊಂದು ದೊರೆತೀತು. ಅಕ್ಕನ ಮನೆಯ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ.