ಎಲ್ಲ ರಕ್ತಸ್ರಾವವೂ ಮೂಲವ್ಯಾಧಿಯಲ್ಲ



ಕೃಷ್ಣೆಯ ದಂಡೆಯ ಯಡೂರಿನ ಸುತ್ತಮುತ್ತ ಮಲದ ಜೊತೆ ರಕ್ತ ಬಿದ್ದರೆ ಜನ ಹೇಳುವುದು ಒಂದೇ: ಮೂಲವ್ಯಾಧಿ. ನಾಟಿ ಔಷಧ ನಡೆಯುತ್ತದೆ. ನಾಚಿಕೆಯಿಂದ ತಪಾಸಣೆ ಮಾತ್ರ ನಡೆಯುವುದಿಲ್ಲ.

ಆ ರಕ್ತ ಗುದನಾಳದ ಕ್ಯಾನ್ಸರ್‌ನ ಲಕ್ಷಣವೂ ಆಗಿರಬಹುದು. ಆರಂಭದಲ್ಲೇ ಸಿಕ್ಕ ಗುದನಾಳದ ಕ್ಯಾನ್ಸರ್‌ಗೂ ಹೊಟ್ಟೆ ಕೊಯ್ದು, ಜೀವನವಿಡೀ ಚೀಲ ಕಟ್ಟಿಕೊಳ್ಳಬೇಕೆಂಬ ಭಯ ಇನ್ನೂ ಹೋಗಿಲ್ಲ. ಗಡ್ಡೆ ಆಳಕ್ಕಿಳಿಯದೆ, ದುಗ್ಧಗ್ರಂಥಿಗಳಿಗೆ ಹರಡದೆ ಇದ್ದರೆ ಗುದದ್ವಾರದ ಮೂಲಕವೇ ಅದನ್ನಷ್ಟೇ ತೆಗೆಯಬಹುದು. ಆಳ ತಿಳಿಯಲು ಎಂಆರ್‌ಐಯಂಥ ಸ್ಕ್ಯಾನಿಂಗ್ ಬೇಕು. ತೆಗೆದ ತುಂಡಿನ ಪರೀಕ್ಷೆಯಲ್ಲಿ ಅಪಾಯದ ಲಕ್ಷಣ ಕಂಡರೆ, ಗುದನಾಳವನ್ನು ಸುತ್ತಲಿನ ಕೊಬ್ಬಿನ ಸಮೇತ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ.

ಮೂರನೆಯ ದಾರಿಯೂ ಉಂಟು. ಬ್ರೆಜಿಲ್‌ನ ಶಸ್ತ್ರವೈದ್ಯೆ ಆಂಜೆಲಿಟಾ ಹಬರ್-ಗಾಮಾ ಅವರ ತಂಡ 2004ರಲ್ಲಿ ಪ್ರಕಟಿಸಿದ ವರದಿಯ ನಂತರ ಇದು ಹೆಸರಾಯಿತು: ವಿಕಿರಣ ಮತ್ತು ಕೀಮೋದಿಂದ ಗಡ್ಡೆ ಪೂರ್ತಿ ಕರಗಿದವರಿಗೆ ಕತ್ತರಿ ಹಾಕದೆ ಕಾದು ನೋಡುವುದು. ಆದರೆ ಮರುತಪಾಸಣೆ ತಪ್ಪಿಸುವಂತಿಲ್ಲ, ಕಬ್ಬಿನ ಹಂಗಾಮಿನಲ್ಲೂ!

ಬೆಳಗಾವಿಯ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿಯಲ್ಲಿ ಉದ್ಘಾಟಿಸಿದ್ದಾರೆ. ಇತ್ತ ಆರೋಗ್ಯ ಇಲಾಖೆ ಯಡೂರಿನ ವೀರಭದ್ರ ಜಾತ್ರೆಯಲ್ಲಿ ಶಿಬಿರ ಹಾಕಿ, ಬಿಪಿ, ಶುಗರ್ ಜೊತೆ ಮಲದಲ್ಲಿನ ರಕ್ತದ ಪರೀಕ್ಷೆಯನ್ನೂ ನಡೆಸಲಿ.

– ಓದುಗ, ಯಡೂರು